ಕೊಟ್ಟಾರದ ಸೀನಿಯರ್

ಮಂಗಳೂರಿನ ಸೀನಿಯರ್ ಪ್ರೋಗ್ರಾಮರ್ ಕೊಟ್ಟಾರ, ಬಿಜೈ, ಮುಡಿಪು ಕಡೆಗಳಲ್ಲಿ ಧಾರಾಳವಾಗಿ ಕಾಣಸಿಗುವ ಜೀವಿ. 1995ರಲ್ಲಿ ಇನ್ಫೋಸಿಸ್ ಇಲ್ಲಿಗೆ ಬಂದ ಮೇಲೆ ಸಂತತಿ ಹೆಚ್ಚಿತು. ಬೆಂಗಳೂರಿನ ಟ್ರಾಫಿಕ್ ಸಾಕಾಗಿ ಮರಳಿದವರೂ ಇದರಲ್ಲಿ ಸೇರಿದ್ದಾರೆ. ಗುರುತು ಹಿಡಿಯುವುದು ಸುಲಭ: 'ಡಿಸೈನ್ ಪ್ಯಾಟರ್ನ್' (ಕೋಡ್‌ನಲ್ಲಿ ಪದೇ ಪದೇ ಎದುರಾಗುವ ಸಮಸ್ಯೆಗೆ ಸಿದ್ಧ ಪರಿಹಾರದ ಮಾದರಿ) ಎಂದರೆ ಸಾಕು, ಮುಖ ಹುಳಿ ತಿಂದಂತಾಗುತ್ತದೆ.

ಹಾಗೆಂದು ಪುಸ್ತಕ ಇಲ್ಲದಿಲ್ಲ. ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರು 1994ರಲ್ಲಿ 23 ಮಾದರಿಗಳನ್ನು ಹೆಸರಿಟ್ಟು ಜೋಡಿಸಿದ ಗ್ರಂಥ ಕಪಾಟಿನಲ್ಲಿದೆ. ಮೊದಲ ಮಾದರಿ ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿಯವರೆಗೆ ಪೆನ್ಸಿಲ್ ಗೆರೆಗಳುಂಟು. ಬಿಲ್ಡರ್‌ನಿಂದಾಚೆ ಪುಟಗಳು ಹೊಚ್ಚ ಹೊಸವು.

ಆದರೆ ಇವರು ಬರೆದ ಕೋಡ್ ಬೇರೆಯೇ ಕಥೆ ಹೇಳುತ್ತದೆ. ಗೇರುಬೀಜ ಕಾರ್ಖಾನೆಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್ ಇವರ ಕೈಕೆಲಸ. 2005ರಲ್ಲಿ ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂದಾಗ, ನೂರು ಕಡೆ ಹರಡಿದ್ದ ತೆರಿಗೆ ಲೆಕ್ಕ ಹುಡುಕಿ ತಿದ್ದುವಷ್ಟರಲ್ಲಿ ನಿದ್ದೆ ಹಾರಿಹೋಗಿತ್ತು. ಆಮೇಲೆ ಲೆಕ್ಕವನ್ನೆಲ್ಲ ಬೇರೆ ತೆಗೆದು, ಬೇಕೆಂದಾಗ ಬದಲಿಸುವಂತೆ ಒಂದೆಡೆ ಇಟ್ಟರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹಳೆಯ ತುಂಡು ತೆಗೆದು ಹೊಸದು ಹಾಕಿ, ಸಂಜೆ ಗೋಳಿಬಜೆ ತಿನ್ನಲು ಹೊರಟರು. (ರಿಟರ್ನ್ ಫಾರಂಗಳು ಪ್ರಾಣ ತಿಂದದ್ದು ಬೇರೆ ವಿಚಾರ.) ಕೋಡ್ ನೋಡಿದ ಹೊಸ ಹುಡುಗ ಬೆರಗಾದ: "ಸರ್, ಇದು ಸ್ಟ್ರಾಟೆಜಿ ಪ್ಯಾಟರ್ನ್ ಅಲ್ವಾ?"

"ಎಂತ ಪ್ಯಾಟರ್ನೂ ಇಲ್ಲ ಮಾರಾಯ. ಸರ್ಕಾರ ಇನ್ನೊಮ್ಮೆ ತೆರಿಗೆ ಬದಲಿಸ್ತದೆ ಅಂತ ಗೊತ್ತಿತ್ತು, ಅಷ್ಟೆ."

ಹುಡುಗನದು ಇದಕ್ಕೆ ತದ್ವಿರುದ್ಧ ಕಾಯಿಲೆ. ಒಂದು ಬಿಲ್ ಪ್ರಿಂಟ್ ಮಾಡಲು ಆತ 'ಇನ್‌ವಾಯ್ಸ್ ಪ್ರಿಂಟರ್ ಫ್ಯಾಕ್ಟರಿ ಪ್ರೊವೈಡರ್' ಎಂಬ ಕ್ಲಾಸ್ ಕಟ್ಟುತ್ತಾನೆ. ಸೀನಿಯರ್ ಸದ್ದಿಲ್ಲದೆ ಅಳಿಸುತ್ತಾರೆ. ಕೈಗೆ ಹೆಸರು ಬೇಕಿಲ್ಲ, ಬೇಕಾಗುವುದು ಬಾಯಿಗೆ. ವಿದೇಶದ ಕ್ಲಯಂಟ್ ಕಾಲ್‌ನಲ್ಲಿದ್ದರೆ ಅರ್ಧ ಗಂಟೆಯ ವಿವರಣೆ "ಇಲ್ಲೊಂದು ಅಡಾಪ್ಟರ್ ಹಾಕೋಣ" ಎಂಬಲ್ಲಿಗೆ ಮುಗಿಯುತ್ತದೆ. ಆಗ ಇವರ ಮುಖದಲ್ಲಿ ಹುಳಿಯ ಸುಳಿವೇ ಇರುವುದಿಲ್ಲ.

ವಾದಕ್ಕಿಳಿದರೆ ಇವರ ಬಳಿ ಒಂದೇ ಬಾಣ. ಲಿಸ್ಪ್, ಡೈಲನ್‌ನಂಥ ಭಾಷೆಗಳಲ್ಲಿ ಆ 23ರ ಪೈಕಿ 16 ಮಾದರಿಗಳು ಸರಳವಾಗುತ್ತವೆ, ಇಲ್ಲವೇ ಕಣ್ಣಿಗೇ ಬೀಳುವುದಿಲ್ಲ ಎಂದು ಪೀಟರ್ ನಾರ್ವಿಗ್ 1996ರಲ್ಲಿ ತೋರಿಸಿದ್ದರು. ಉಳಿದ 7 ಯಾವುವು ಎಂದು ಮಾತ್ರ ಕೇಳಬಾರದು.

ಇಂಟರ್‌ವ್ಯೂ ನಡೆಸುವ ದಿನ ಸೀನಿಯರ್ ಬೇರೆಯೇ ಮನುಷ್ಯ. ಅಭ್ಯರ್ಥಿ ಕೂರುವ ಮೊದಲೇ ಪ್ರಶ್ನೆ ಬರುತ್ತದೆ: "ಸಿಂಗಲ್‌ಟನ್ ಅಂದ್ರೆ ಎಂತದು?" ಉತ್ತರ ಸರಿಯೋ ತಪ್ಪೋ ನೋಡಲು ಫೈಲಿನ ಮರೆಯಲ್ಲಿ ಒಂದು ಚೀಟಿ ಇರುತ್ತದೆ.