ಷಡ್ಡಕನ ಸೇನಾಸೇವೆ

ಉಂಡ ತಟ್ಟೆಯನ್ನು ಸಿಂಕಿನವರೆಗೆ ಸಾಗಿಸಿದ ದಾಖಲೆಯೇ ಇಲ್ಲದ ನನ್ನ ಷಡ್ಡಕ, ನಿವೃತ್ತನಾದ ಮೇಲೆ ನ್ಯೂಜೆರ್ಸಿಯಿಂದ ತನ್ನದೇ ದುಡ್ಡಿನಲ್ಲಿ ಟಿಕೆಟ್ ತೆಗೆದು ಇಸ್ರೇಲಿಗೆ ಹೋಗಿ, ಅಲ್ಲಿಯ ಸೇನಾ ನೆಲೆಯಲ್ಲಿ ಬ್ಯಾಂಡೇಜು ಎಣಿಸಿ ಬಂದ. ಈಗ ಅವನ ಮಾತೆಲ್ಲ 'ನಾನು ಸೇನೆಯಲ್ಲಿದ್ದಾಗ' ಎಂದೇ ಶುರುವಾಗುತ್ತದೆ.

ಅವನನ್ನು ಸೇರಿಸಿಕೊಂಡದ್ದು ಸಾರ್-ಎಲ್ ಎಂಬ ಸಂಸ್ಥೆ. 1982ರ ಲೆಬನಾನ್ ಯುದ್ಧದಲ್ಲಿ ಗೋಲಾನ್ ಕಡೆಯ ರೈತರನ್ನು ಮೀಸಲು ಪಡೆಗೆ ಕರೆದಾಗ ಬೆಳೆ ಕೊಯ್ಯುವವರಿಲ್ಲದೆ ನಿಂತಿತು. ಅಹರೋನ್ ಡೇವಿಡಿ ಎಂಬ ನಿವೃತ್ತ ಜನರಲ್ ಅಮೆರಿಕಕ್ಕೆ ಜನ ಕಳಿಸಿ ಕೂಲಿ ಕೇಳದ ಕೂಲಿಗಳನ್ನು ಹುಡುಕಿಸಿದರು. ನೂರಾರು ಮಂದಿ ಬಂದರು. ಕೊಯ್ಲು ಮುಗಿದರೂ ಬರುವವರು ನಿಲ್ಲಲಿಲ್ಲ; ಅದೇ ಸಾರ್-ಎಲ್ ಆಯಿತು, ಕೆಲಸ ಹೊಲದಿಂದ ಸೇನಾ ನೆಲೆಗೆ ಬಂತು. ಯಹೂದಿಯೇ ಆಗಿರಬೇಕೆಂದೂ ಇಲ್ಲ. ಸ್ವಯಂಸೇವಕರಿಗೆ ಬಂದೂಕು ಮಾತ್ರ ಕೊಡುವುದಿಲ್ಲ. ಷಡ್ಡಕನನ್ನು ಬಲ್ಲವನಾಗಿ ಹೇಳುತ್ತೇನೆ, ದೂರದೃಷ್ಟಿಯ ನಿಯಮ. ಸಮವಸ್ತ್ರ, ಬ್ಯಾರಕ್ಕಿನ ಮಂಚ, ಬೆಳಿಗ್ಗೆ ಧ್ವಜಾರೋಹಣ, ಆಮೇಲೆ ಔಷಧಿ ಚೀಲಗಳ ವಿಂಗಡಣೆ. ಮೇಲ್ವಿಚಾರಣೆಗೆ ಎಳೆಯ ಸೈನಿಕ ಹುಡುಗಿಯರು. 'ಅವಧಿ ಮುಗಿದದ್ದನ್ನು ತೆಗೆದಿಡಿ' ಎಂದು ನನ್ನ ನಾದಿನಿ ದಾಂಪತ್ಯದುದ್ದಕ್ಕೂ ಹೇಳಿದ್ದು ಕೇಳಿಸದ ಕಿವಿಗೆ, ಮೊಮ್ಮಗಳ ವಯಸ್ಸಿನವಳು ಒಂದೇ ಸಲ ಹೇಳಿದ್ದು ಕೇಳಿಸಿತು.

ಅಪಾಯ ಎದುರಾದದ್ದು ನೆಲೆಯಲ್ಲಲ್ಲ, ವಿಮಾನ ಹತ್ತುವ ಮೊದಲಿನ ಭದ್ರತಾ ತಪಾಸಣೆಯಲ್ಲಿ.

"ಈ ಚೀಲ ಕಟ್ಟಿದ್ದು ಯಾರು? ದಾರಿಗೆಂದು ಯಾರಾದರೂ ಏನಾದರೂ ಕೊಟ್ಟರೇ?"

ಕನ್ನಡದ ಮನೆಯಿಂದ ಹೊರಟ ಗಂಡಸು ಇದಕ್ಕೆ ನಿಜ ನುಡಿದರೆ ಕೆಟ್ಟ. ಕಟ್ಟಿದ್ದು ಹೆಂಡತಿ. ಕೊಟ್ಟವರು ಪಕ್ಕದ ಮನೆಯವರು, ಕನ್ನಡ ಕೂಟದವರು, ಬೀಗಿತ್ತಿ. ತಳದಿಂದ ಹೊರಬಂದದ್ದು ಗುರೆಳ್ಳು ಚಟ್ನಿಪುಡಿಯ ಕರಿಯ ಪೊಟ್ಟಣ.

"ಏನಿದು?"

"ಪುಡಿ."

"ಏನು ಮಾಡುತ್ತದೆ?"

"ಉರಿಸುತ್ತದೆ."

ಅದಾದ ಮೇಲೆ ನಡೆದದ್ದನ್ನು ಷಡ್ಡಕ ಹೇಳುವುದಿಲ್ಲ, ನಾನೂ ಒತ್ತಾಯಿಸಿಲ್ಲ.

ಹೊರಡುವ ಮೊದಲು ಅವನು ವಿಮೆ ಪತ್ರದ ಸಣ್ಣಕ್ಷರಗಳನ್ನೂ ಓದಿ, ಯುದ್ಧದ ಹಾನಿಗೆ ಪರಿಹಾರವಿಲ್ಲ ಎಂಬ ಸಾಲಿನಡಿ ಗೆರೆ ಎಳೆದು, ಆಮೇಲೂ ಹೋದ. ಇದೊಂದಕ್ಕೆ ನನಗೆ ಅವನ ಮೇಲೆ ನಿಜವಾದ ಗೌರವ. ನೆಲೆಯ ಫೋಟೊ ತೆಗೆಯುವಂತಿಲ್ಲ. ಇಡ್ಲಿ ಬೆಂದರೂ ಗ್ರೂಪಿಗೆ ಚಿತ್ರ ಹಾಕುವವನಿಗೆ ಅದೇ ಘೋರ ಶಿಕ್ಷೆ. ವಾರದ ಕೊನೆಗೆ ಹೊರಬಿದ್ದರೆ ಸಮವಸ್ತ್ರ ಕಳಚಿಡಬೇಕು. ಸೈರನ್ ಮೊಳಗಿದರೆ ಟೆಲ್ ಅವೀವ್‌ನಲ್ಲಿ ಆಸರೆ ಸೇರಲು 90 ಸೆಕೆಂಡು, ಗಾಜಾ ಗಡಿಯ ಸ್ದೆರೋತ್‌ನಲ್ಲಿ 15. ನಮ್ಮ ಮನೆಯಲ್ಲಾದರೆ 90 ಸೆಕೆಂಡಿನಲ್ಲಿ ಕನ್ನಡಕ ಸಿಗುವುದಿಲ್ಲ.

ಒಂದು ಶುಕ್ರವಾರ ಹೈಫಾಕ್ಕೂ ಹೋಗಿ ಬಂದ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರಾದ ಮೈಸೂರು ಲ್ಯಾನ್ಸರ್ಸ್ ಅಲ್ಲಿಯ ಕಾರ್ಮೆಲ್ ಬೆಟ್ಟವೇರಿ ತುರ್ಕರ ಕಡೆಯ ಫಿರಂಗಿಗಳನ್ನು ವಶಪಡಿಸಿಕೊಂಡರು. ಜೋಧಪುರದ ಸವಾರರು ಊರೊಳಗೆ ನುಗ್ಗಿದರು. ಭರ್ಜಿ ಹಿಡಿದವರು ಮೆಷಿನ್ ಗನ್ನಿಗೆ ಎದುರಾಗಿ ಗೆದ್ದ ಕಾಳಗ ಅದು. "ಆಗ ಅವರು, ಈಗ ನಾನು," ಎನ್ನುತ್ತಾನೆ ಷಡ್ಡಕ, ನಡುವೆ ಅಲ್ಪವಿರಾಮದಷ್ಟು ಸಂಕೋಚವೂ ಇಲ್ಲದೆ.

ಇಷ್ಟೆಲ್ಲ ಕೇಳಿದ ನನ್ನವಳು, "ನೀವೂ ಒಮ್ಮೆ ಹೋಗಿಬನ್ನಿ" ಎಂದಳು. ಮಧ್ಯಾಹ್ನದ ನಿದ್ದೆಗೆ ಏನು ವ್ಯವಸ್ಥೆ ಎಂದು ಷಡ್ಡಕನಿಗೆ ಫೋನು ಮಾಡಿದೆ. ಇಲ್ಲವಂತೆ. ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಎಂದು ಅವಳಿಗೆ ತಿಳಿಸಿದ್ದೇನೆ. ಹೌದೋ ಅಲ್ಲವೋ, ಅವಳು ಬೀರು ತೆಗೆಯುವ ಮೊದಲು ನೋಡಿಕೊಳ್ಳಬೇಕು.