ಬುರುಡೆರಾಯರು

ನಿವೃತ್ತರಾದ ಮೇಲೆ ಗುಲಾಬಿ ಬೆಳೆಸುವವರನ್ನೂ, ಬೀದಿಗೆಲ್ಲ ಪುಕ್ಕಟೆ ಹೋಮಿಯೋಪತಿ ಗುಳಿಗೆ ಹಂಚುವವರನ್ನೂ ಸಹಿಸಿಕೊಳ್ಳುವ ಶಕ್ತಿಯನ್ನು ಭಗವಂತನು ಮೈಸೂರಿನ ಜನಕ್ಕೆ ಧಾರಾಳವಾಗಿಯೇ ದಯಪಾಲಿಸಿದ್ದಾನೆ. ಆದರೆ ಸತ್ತ ಪ್ರಾಣಿಗಳ ತಲೆಬುರುಡೆಗಳನ್ನು ತಂದು, ತೊಳೆದು, ಬಣ್ಣ ಬಳಿದು, ಹಳ್ಳಿಯ ಸೊಗಡೆಂಬ ಹೆಸರಿನಿಂದ ಪಡಸಾಲೆಯ ಗೋಡೆಗೇರಿಸುವ ಪಂಥವೊಂದು ಈಚೆಗೆ ತಲೆಯೆತ್ತಿದ್ದು, ಅದರ ಪೀಠಾಧಿಪತಿಗಳು ನಮ್ಮ ಪಕ್ಕದ ಮನೆಯಲ್ಲಿಯೇ ನೆಲೆಸಿರುವುದು ನನ್ನ ಪೂರ್ವಾರ್ಜಿತವೆಂದೇ ಹೇಳಬೇಕು. ಬೀದಿಯವರು ಅವರನ್ನು ಬುರುಡೆರಾಯರೆನ್ನುತ್ತಾರೆ. ರಾಯರು ಅದನ್ನು ಬಿರುದೆಂದು ಭಾವಿಸಿದ್ದಾರೆ.

1999ರವರೆಗೆ ಇದೇ ಊರಿನಲ್ಲಿದ್ದ ವ್ಯಾನ್ ಇಂಗೆನ್ ಮನೆತನದ ಕಾರ್ಖಾನೆಯಲ್ಲಿ, ರಾಜಮಹಾರಾಜರು ಬೇಟೆಯಾಡಿ ತಂದ ಹುಲಿಚಿರತೆಗಳು ಮತ್ತೆ ಘರ್ಜಿಸುವ ಭಂಗಿಯಲ್ಲಿ ಎದ್ದು ನಿಲ್ಲುತ್ತಿದ್ದುವಷ್ಟೆ. ಅದರ ಹೊಸ್ತಿಲನ್ನೊಮ್ಮೆ ದಾಟದೆ ಹೋದೆನಲ್ಲಾ ಎಂಬುದು ರಾಯರ ಚಿರಶೋಕ. ಹಾಗೆಂದು ಅವರು ವನ್ಯಮೃಗಗಳ ಗೊಡವೆಗೆ ಹೋಗುವವರಲ್ಲ. 1972ರ ವನ್ಯಜೀವಿ ಕಾಯಿದೆಯು ಅವರಿಗೆ ಕಂಠಪಾಠವಾಗಿದ್ದು, ಕಾಡಿನಲ್ಲಿ ತಾನಾಗಿ ಉದುರಿದ್ದೆಂದು ಹೇಳಿ ಜಿಂಕೆಯ ಕೊಂಬನ್ನು ತಂದ ರೆಸಾರ್ಟಿನ ಮಾಲೀಕನೊಬ್ಬನನ್ನು ಗೇಟಿನಿಂದಲೇ ಹಿಂದಕ್ಕಟ್ಟಿದರು. ಅವರ ಕ್ಷೇತ್ರವೇನಿದ್ದರೂ ಟಗರು ಮತ್ತು ಎಮ್ಮೆ. ತಲೆತಲಾಂತರದಿಂದ ಈರುಳ್ಳಿಯನ್ನೂ ಮುಟ್ಟದ ವಂಶದಲ್ಲಿ ಹುಟ್ಟಿದ ಈ ಮಹನೀಯರು, ಭಾನುವಾರದ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಮೂಗಿಗೆ ಕರವಸ್ತ್ರವೊತ್ತಿ ನಿಂತು, "ಮಿದುಳಿಗೋಸ್ಕರ ತಲೆ ಒಡೀಬೇಡಪ್ಪಾ, ಇಡಿಯಾಗಿ ಕೊಡು" ಎಂದು ಅಂಗಲಾಚುವ ದೃಶ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶುದ್ಧೀಕರಣದ ವಿಷಯದಲ್ಲಿ ರಾಯರು ಋಷಿಸದೃಶರು. ಕುದಿಸಕೂಡದು, ಕುದಿಸಿದರೆ ಕೊಬ್ಬು ಎಲುಬಿನೊಳಕ್ಕಿಳಿದು ಮುಂದೆ ಹಳದಿಯಾಗಿ ಹೊರಡುತ್ತದೆ. ಬ್ಲೀಚಿಂಗ್ ಪೌಡರನ್ನು ಸೋಕಿಸಕೂಡದು, ಎಲುಬು ಪುಡಿಪುಡಿಯಾಗುತ್ತದೆ. ನೀರಿನಲ್ಲಿ ಕೊಳೆಯಲು ಬಿಟ್ಟು, ಸಾಬೂನಿನ ಬೆಚ್ಚನೀರನ್ನು ಬದಲಿಸುತ್ತ ವಾರಗಟ್ಟಲೆ ಜಿಡ್ಡು ತೆಗೆದು, ಕಟ್ಟಕಡೆಗೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಬೇಕು. ಕೊಳೆಯುವ ಘಟ್ಟದ ಸುವಾಸನೆಯನ್ನು ನಾನು ವರ್ಣಿಸುವುದಿಲ್ಲ. ಓದುಗರು ಆಗತಾನೆ ಊಟ ಮುಗಿಸಿ ಕುಳಿತಿರಬಹುದು.

ವಾಸನೆಯನ್ನಾದರೂ ಕ್ಷಮಿಸಬಹುದು, ಹಲ್ಲುಗಳನ್ನು ಕ್ಷಮಿಸಲಾರೆ. ನೀರಿನಲ್ಲಿ ನೆನೆದ ದವಡೆಯಿಂದ ಹಲ್ಲುಗಳು ಸಡಿಲಗೊಂಡು ಉದುರುತ್ತವೆ. ಒಂದೊಂದನ್ನೂ ಜರಡಿಯಲ್ಲಿ ಹಿಡಿದು ಅದರದರ ಗುಳಿಗೇ ಅಂಟಿಸಬೇಕು. "ಸ್ವಾಮೀ, ಒಂದು ನಿಮಿಷ ಬನ್ನಿ" ಎಂದು ಕಾಂಪೌಂಡಿನಾಚೆಯಿಂದ ಕರೆ ಬಂದ ಒಂದು ಸಂಜೆ ಹೋಗಿ ನೋಡುತ್ತೇನೆ, ಎಮ್ಮೆಯೊಂದರ ಸಮಸ್ತ ದಂತಸಂಪತ್ತು ವೃತ್ತಪತ್ರಿಕೆಯ ಮೇಲೆ ಹರಡಿಕೊಂಡಿದೆ. ಇರಬೇಕಾದದ್ದು 32, ಇರುವುದು 31. ಟಾರ್ಚು ಹಿಡಿದು ಬಚ್ಚಲ ಮೋರಿಯಿಂದ ತೆಂಗಿನ ಪಾತಿಯವರೆಗೆ ಮಂಡಿಯೂರಿ ಹುಡುಕಿದ ಬಳಿಕ, ಬುರುಡೆಯತ್ತ ಬೆರಳು ತೋರಿಸಿ, "ಒಂದೇನು ಬಂತು ರಾಯರೇ, ಮೇಲಿನ ಮುಂದಿನ ಸಾಲಿಗೆ ಸಾಲೇ ಹೋಗಿದೆಯಲ್ಲಾ!" ಎಂದೆ. ರಾಯರು ನನ್ನನ್ನು ಅಪಾರವಾದ ಕರುಣೆಯಿಂದ ನೋಡಿದರು. ದನ, ಎಮ್ಮೆ, ಆಡು, ಕುರಿಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲವೆಂದೂ, ಅಲ್ಲಿರುವುದು ಗಟ್ಟಿಯಾದ ಮಾಂಸದ ದಿಂಡೆಂದೂ, ಕೆಳಗಿನ ಎಂಟು ಬಾಚಿಹಲ್ಲುಗಳು ಅದಕ್ಕೊತ್ತಿಯೇ ಹುಲ್ಲನ್ನು ಕತ್ತರಿಸುತ್ತವೆಂದೂ ಸಾವಧಾನವಾಗಿ ಬೋಧಿಸಿ, ಎಮ್ಮೆಗೂ ಮನುಷ್ಯನಿಗೂ ಒಟ್ಟು ಲೆಕ್ಕ ಒಂದೇ ಎಂದು ಮುಗಿಸಿ, "ನಿಮಗೀಗ ಎಷ್ಟಿವೆ?" ಎಂದರು. ದಂತವೈದ್ಯರ ಕೃಪೆಯಿಂದ ನಾನು ಆ ಮೃತ ಎಮ್ಮೆಗಿಂತ ಬಹಳ ಹಿಂದುಳಿದಿದ್ದೆ. ಮೂವತ್ತೆರಡನೆಯದು ಉದುರಿರಲೇ ಇಲ್ಲ. ದವಡೆಯಲ್ಲಿ ಭದ್ರವಾಗಿ ಕುಳಿತಿತ್ತು.

ಹೀಗೆ ಪರಿಶುದ್ಧವಾಗಿ ನಿಂತ ಬುರುಡೆಯು ನಿಜವಾಗಿಯೂ ಸುಂದರವಾದ ವಸ್ತು: ಹಣೆಯ ಆ ವಿಸ್ತಾರ, ಮೂಗಿನೊಳಗಣ ಹಾಳೆಯಷ್ಟು ತೆಳುವಾದ ಎಲುಬಿನ ಸುರುಳಿ. ಅಲ್ಲಿಗೆ ನಿಲ್ಲಿಸಿದ್ದರೆ ನಾನೇ ಅವರ ಶಿಷ್ಯನಾಗುತ್ತಿದ್ದೆ. ಆದರೆ ಋಷಿಗಳು ಆಗ ಕುಂಚವನ್ನೆತ್ತುತ್ತಾರೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವದೇವಿಯರ ಆಭರಣಗಳಿಗೆ ಮೀಸಲಾದ ಗೆಸ್ಸೋ ಕೆಲಸವೂ ಚಿನ್ನದ ರೇಕೂ ಎಮ್ಮೆಯ ಹಣೆಯನ್ನೇರುತ್ತವೆ. ಕೊಂಬಿಗೆ ಕೆಂಪು, ಮೂತಿಗೆ ನವಿಲುನೀಲಿ. ಆಕ್ಷೇಪಿಸಿದರೆ, ಅಮೆರಿಕದ ಜಾರ್ಜಿಯಾ ಓಕೀಫ್ 1931ರಲ್ಲಿ ಚಿತ್ರಿಸಿದ ಹಸುವಿನ ಬುರುಡೆಯ ಪ್ರತಿಯೊಂದನ್ನು ಪ್ರಮಾಣವಾಗಿ ಮುಂದಿಡುತ್ತಾರೆ. ಆ ಪುಣ್ಯಾತ್ಮೆ ಬುರುಡೆಯನ್ನು ಕ್ಯಾನ್ವಾಸಿನ ಮೇಲೆ ಬರೆದಳೇ ಹೊರತು ಬುರುಡೆಗೆ ಬಣ್ಣ ಬಳಿಯಲಿಲ್ಲವೆಂದು ನಾನು ಹೇಳಿದ್ದುಂಟು. ರಾಯರ ಕಿವಿ ಆ ದಿನ ಮಂದವಾಗಿತ್ತು.

ಬ್ಯಾಂಕಿನ ನೌಕರಿಯಲ್ಲಿ ಊರಿಂದೂರಿಗೆ ವರ್ಗವಾಗುತ್ತ ಬಂದ ಅವರಿಗೆ, ಪ್ರತಿಯೊಬ್ಬ ಮನೆಯ ಯಜಮಾನನೂ ವಿಧಿಸಿದ ಮೊದಲ ಷರತ್ತು ಗೋಡೆಗೆ ಮೊಳೆ ಹೊಡೆಯಬಾರದೆಂಬುದು. ಮದುವೆಯ ಫೋಟೋ ಕೂಡ ಬಹುಕಾಲ ಟ್ರಂಕಿನಲ್ಲಿಯೇ ಇತ್ತಂತೆ. ಈಗ ಗೋಡೆಗಳು ಸ್ವಂತದವು. ಅವುಗಳ ಮೇಲೆ ಏನನ್ನು ತೂಗುಹಾಕಬೇಕೆಂದು ಹೇಳಬೇಕಾಗಿದ್ದಾಕೆ ಇಲ್ಲ. ಅಂಥ ಮನುಷ್ಯನ ಬಣ್ಣಗಳನ್ನು ಅಭಿರುಚಿಯ ತಕ್ಕಡಿಯಲ್ಲಿಟ್ಟು ತೂಗುವುದು ಯಾವ ನ್ಯಾಯ ಎಂದು ನಾನು ಮೃದುವಾಗುತ್ತಿದ್ದಂತೆಯೇ, ಒಂದು ಬೆಳಿಗ್ಗೆ ರಾಯರು ಡ್ರಿಲ್ಲಿಂಗ್ ಯಂತ್ರವನ್ನೂ, ಚಿನ್ನದ ಹಣೆಯ ಟಗರೊಂದನ್ನೂ ಹಿಡಿದು ನಮ್ಮ ಬಾಗಿಲಲ್ಲಿ ಪ್ರತ್ಯಕ್ಷರಾದರು. ನನ್ನದು ಬಾಡಿಗೆಯ ಮನೆ. ಯಜಮಾನರ ಮೊಳೆಯ ಷರತ್ತನ್ನು ಹಿಂದೆಂದೂ ಅಷ್ಟು ಭಕ್ತಿಯಿಂದ ಸ್ಮರಿಸಿರಲಿಲ್ಲ. ರಾಯರ ಮುಖ ಸಣ್ಣದಾಯಿತು, ಮರುಮಾತಿಲ್ಲದೆ ಹೊರಟುಹೋದರು. ಆದರೆ ಕೆಲವೇ ದಿನಗಳಲ್ಲಿ ತಾವೇ ಕೆತ್ತಿದ ತೇಗದ ಪೀಠವೊಂದರ ಮೇಲೆ ಅದೇ ಟಗರನ್ನು ಪ್ರತಿಷ್ಠಾಪಿಸಿಕೊಂಡು ಬಂದು, "ಮೊಳೆಯೇ ಬೇಡ ಸ್ವಾಮೀ, ಮೇಜಿನ ಮೇಲಿಡಿ. ಕಿಟಕಿಯ ಹತ್ತಿರ ಮಾತ್ರ ಬೇಡ, ಬಿಸಿಲಿಗೆ ಬಣ್ಣ ಬಿಳಿಚಿಕೊಳ್ಳುತ್ತದೆ" ಎಂದರು.

ಅಂದಿನಿಂದ ಅದನ್ನು ಬೆಳಿಗ್ಗೆ ಪೂರ್ವದ ಕಿಟಕಿಯಲ್ಲೂ ಮಧ್ಯಾಹ್ನದ ಮೇಲೆ ಪಶ್ಚಿಮದ ಕಿಟಕಿಯಲ್ಲೂ ತಪ್ಪದೆ ಇಡುತ್ತಿದ್ದೇನೆ.