ಗುರಿ ತಪ್ಪಿದರೂ ಒಂದು ಪಾಯಿಂಟು

ಮೆಲ್ಬರ್ನಿಗೆ ಹೊಸದಾಗಿ ಬಂದವರನ್ನು ಇಲ್ಲಿಯ ಜನ ಮೊದಲು ಕೇಳುವುದು "ನಿಮ್ಮದು ಯಾವ ಟೀಮು?" ಎಂದು. ಹೆಸರು, ಕೆಲಸ, ಮಕ್ಕಳೆಷ್ಟು ಎಂಬುದೆಲ್ಲ ಆಮೇಲೆ. ನಮ್ಮ ಕಡೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು "ಯಾವೂರಾಯ್ತು, ಯಾರ ಪೈಕಿ?" ಎಂದು ವಿಚಾರಿಸುತ್ತಾರಲ್ಲ, ಅದೇ ಧಾಟಿ. ಉತ್ತರ ಸಿಗುವ ತನಕ ನಮ್ಮನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ತಿಳಿಯುವುದಿಲ್ಲ. ನಾನು ಕ್ರಿಕೆಟ್ ನೋಡುವವನು ಎಂದೆ. "ಅದು ಬೇಸಿಗೆಗಾಯಿತು, ಚಳಿಗಾಲಕ್ಕೇನು ಮಾಡುತ್ತೀಯ?" ಎಂದರು ಪಕ್ಕದ ಮನೆಯ ಅಜ್ಜಿ. ನಾನು ತಡವರಿಸುತ್ತಿದ್ದಂತೆ ಒಳಗೆ ಹೋಗಿ ಕೆಂಪು, ಬಿಳಿ, ಕಪ್ಪು ಪಟ್ಟೆಯ ಉಣ್ಣೆಯ ಮಫ್ಲರೊಂದನ್ನು ತಂದು ಬೇಲಿಯ ಮೇಲಿಂದ ನನ್ನ ಹೆಗಲಿಗೆ ಹಾಕಿದರು. ಹಾಗೆ ನಾನು ಸೇಂಟ್ ಕಿಲ್ಡಾದವನಾದೆ. ಆ ತಂಡ 1897ರಿಂದ ಇಲ್ಲಿಯ ಫುಟ್‌ಬಾಲ್ ಲೀಗಿನಲ್ಲಿ ಆಡುತ್ತಿದ್ದು ಇಲ್ಲಿಯವರೆಗೆ ಒಂದೇ ಒಂದು ಸಲ ಕಪ್ ಗೆದ್ದಿದೆ ಎಂಬ ಸಂಗತಿಯನ್ನು ಮಫ್ಲರ್ ಹಾಕುವಾಗ ಅವರು ಹೇಳಲಿಲ್ಲ.

ಫುಟಿ ಎಂದು ಇವರು ಮುದ್ದಿನಿಂದ ಕರೆಯುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲನ್ನು ಮೊದಲ ಸಲ ನೋಡಿದವರಿಗೆ ಅದರಲ್ಲಿ ರೂಲ್ಸ್ ಎಲ್ಲಿವೆ ಎಂಬ ಅನುಮಾನ ಬಂದೇ ಬರುತ್ತದೆ. ಕ್ರಿಕೆಟ್ಟಿನಷ್ಟೇ ದೊಡ್ಡ ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ್ದೇ ಚೆಂಡು. ಕಡೆಗೆ ಹದಿನೆಂಟು ಜನ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಹಿಡಿದು ಓಡಬಹುದು. ಓಡುವಾಗ ಹದಿನೈದು ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು. ಕೊಡುವುದಾದರೆ ಒಂದು ಅಂಗೈಯ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎಸೆದರೆ ಮಾತ್ರ ಮಹಾಪರಾಧ. ಎತ್ತರದಿಂದ ಬರುವ ಚೆಂಡನ್ನು ಹಿಡಿಯಲು ಎದುರಾಳಿಯ ಬೆನ್ನಿಗೆ ಮೊಣಕಾಲಿಟ್ಟು ಹೆಗಲೇರಬಹುದು, ಅದಕ್ಕೆ ಶಿಕ್ಷೆಯಿಲ್ಲ. ಏರಿದವನ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಕೆಳಗೆ ಏಣಿಯಾಗಿ ನಿಂತವನ ಮುಖವೂ ಪಾಪ ಅದೇ ಚಿತ್ರದಲ್ಲಿ ಬರುತ್ತದೆ. ಆಫ್‌ಸೈಡ್ ಎಂಬುದಿಲ್ಲ. ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು, ಕೆಲವರು ನಿಂತೇ ಇರುತ್ತಾರೆ.

ನನ್ನ ಮನಸ್ಸು ಗೆದ್ದದ್ದು ಮೈದಾನದ ಎರಡು ತುದಿಯಲ್ಲಿರುವ ಕಂಬಗಳು. ಒಂದೊಂದು ಕಡೆಗೆ ನಾಲ್ಕು: ನಡುವೆ ಎತ್ತರದ ಎರಡು, ಅವುಗಳ ಅಕ್ಕಪಕ್ಕ ಕುಳ್ಳಗಿನ ಎರಡು. ನಡುವಿನ ಜೋಡಿಯ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟು. ಗುರಿ ತಪ್ಪಿ ಎತ್ತರದ ಕಂಬಕ್ಕೂ ಕುಳ್ಳ ಕಂಬಕ್ಕೂ ನಡುವೆ ಹೋದರೆ ಬಿಹೈಂಡ್, ಒಂದು ಪಾಯಿಂಟು. ಅಂದರೆ ಗೋಲು ಹೊಡೆಯಲಾಗದೆ ಇದ್ದುದಕ್ಕೂ ಇಲ್ಲಿ ಸಂಭಾವನೆಯುಂಟು! ಅದನ್ನು ಕದ್ದುಮುಚ್ಚಿ ಕೊಡುವುದೂ ಇಲ್ಲ. ಕಂಬಗಳ ನಡುವೆ ನಿಂತ ಗೋಲ್ ಅಂಪೈರ್ ಗೋಲಾದರೆ ಎರಡು ಬೆರಳು ತೋರಿಸಿ ಎರಡು ಬಾವುಟ ಬೀಸುತ್ತಾನೆ. ತಪ್ಪಿದರೆ ಅಷ್ಟೇ ಗಾಂಭೀರ್ಯದಿಂದ ಒಂದು ಬೆರಳು ತೋರಿಸಿ ಒಂದು ಬಾವುಟ ಬೀಸುತ್ತಾನೆ. ನನ್ನ ಜೀವಮಾನದ ತಪ್ಪು ಹೊಡೆತಗಳಿಗೆಲ್ಲ ಯಾರಾದರೂ ಒಂದೊಂದು ಬಾವುಟ ಬೀಸಿದ್ದರೆ ಎಂದು ಲೆಕ್ಕ ಹಾಕುತ್ತ ಮೊದಲ ಆಟದ ಅರ್ಧ ಕಳೆದೆ.

ಈ ಆಟ ಹುಟ್ಟಿದ್ದೇ ಕ್ರಿಕೆಟ್ಟಿಗರ ಮೈಗಳ್ಳತನಕ್ಕೆ ಮದ್ದಾಗಿ. ಚಳಿಗಾಲದಲ್ಲಿ ಕ್ರಿಕೆಟ್ಟಿಗರು ಸುಮ್ಮನೆ ಕೂತು ಜಡ್ಡುಗಟ್ಟುವ ಬದಲು ಫುಟ್‌ಬಾಲ್ ಕ್ಲಬ್ಬನ್ನಾದರೂ ಕಟ್ಟಬಾರದೇ ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟ್ಟಿಗ 1858ರ ಜುಲೈನಲ್ಲಿ ಪತ್ರಿಕೆಗೆ ಕಾಗದ ಬರೆದ. ಆಗಸ್ಟಿನಲ್ಲಿ ಎರಡು ಶಾಲೆಗಳ ನಡುವೆ ಕಡೆಗೆ ನಲವತ್ತು ಹುಡುಗರಂತೆ ಒಂದು ಪಂದ್ಯ ನಡೆಯಿತು; ಮೂರು ಶನಿವಾರ ಒದ್ದಾಡಿದರೂ ಮುಗಿಯದೆ ಡ್ರಾ ಎಂದು ಕೈಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ವಿಲ್ಸ್ ಮತ್ತು ಸಂಗಡಿಗರು ಹೋಟೆಲೊಂದರಲ್ಲಿ ಕೂತು ಹತ್ತು ನಿಯಮ ಬರೆದರು. ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಸಾಕರ್‌ನ ನಿಯಮ ಬರೆದದ್ದು 1863ರಲ್ಲಿ, ಅಂದರೆ ನಾಲ್ಕು ವರ್ಷ ತಡವಾಗಿ. ಜಗತ್ತೆಲ್ಲ ಆಡುವ ಆಟಕ್ಕೆ ಇದು ಅಣ್ಣನಾಗಬೇಕು ಎಂದು ಅಜ್ಜಿ ಆಗಾಗ ಜ್ಞಾಪಿಸುತ್ತಾರೆ. ಜಗತ್ತು ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ ಎಂಬುದನ್ನು ನಾನು ಜ್ಞಾಪಿಸುವುದಿಲ್ಲ, ಅವರ ಮನೆಯ ನಿಂಬೆಗಿಡ ನಮ್ಮ ಕಡೆಗೇ ಬಾಗಿದೆ.

ಹೀಗೆ ನಾನು ಸುಖವಾಗಿದ್ದಾಗ ಬೆಂಗಳೂರಿನಿಂದ ಭಾವಮೈದ ಬಂದ. ಅವನು ಸಾಕರ್ ಭಕ್ತ. ಇಂಗ್ಲೆಂಡಿನ ಪಂದ್ಯ ನೋಡಲು ಅಲಾರಂ ಇಟ್ಟು ಏಳುವವನು, ಆಫೀಸಿಗೆ ಹೋಗಲು ಏಳದವನು. ಅವನನ್ನು ಎಂ.ಸಿ.ಜಿ.ಗೆ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ, ಫುಟಿ ನೋಡಲು ಕರೆದೊಯ್ದೆ. ಮೊದಲ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಹತ್ತು ಗೋಲಾಗಿತ್ತು. "ಭಾವ, ಇದೇನು ಆಟವೋ ಅನ್ನಸಂತರ್ಪಣೆಯೋ?" ಎಂದ. "ಗೋಲು ಅಂದ್ರೆ ಕಾಯಬೇಕು ಭಾವ. ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಕಾದರೆ ಒಂದು ಸಿಗಬೇಕು, ಸಿಗದೆಯೂ ಇರಬೇಕು. ಈ ಹತ್ತರಲ್ಲಿ ಮೂರನೆಯದನ್ನು ಹೊಡೆದವನು ಯಾರು, ಹೇಳಿ ನೋಡೋಣ?" ನಾನು ಹೇಳಲಿಲ್ಲ. ಆ ಹೊತ್ತಿಗೆ ನಾನು ಟೊಮೆಟೊ ಸಾಸ್ ಹಾಕಿದ ಪೈಯನ್ನು ಅಂಗಿಯ ಮೇಲೆ ಬೀಳದಂತೆ ತಿನ್ನುತ್ತಿದ್ದೆ.

ಮನೆಗೆ ಬಂದ ಮೇಲೆ ಜಗಳ ಮುಂದುವರಿಯಿತು. ಗುರಿ ತಪ್ಪಿದವನಿಗೆ ಪಾಯಿಂಟು ಕೊಡುವುದು ಆಟಕ್ಕೇ ಅವಮಾನ ಎಂಬುದು ಅವನ ವಾದ. ನಾನು ರೊಬರ್ಟೋ ಬಾಜಿಯೋನನ್ನು ಎದುರಿಗೆ ತಂದೆ. 1994ರ ವಿಶ್ವಕಪ್ ಫೈನಲ್, ಅಮೆರಿಕದ ಪ್ಯಾಸಡೀನಾ. ಬ್ರೆಜಿಲ್ ಮತ್ತು ಇಟಲಿ ಎರಡು ಗಂಟೆ ಆಡಿ ಒಂದು ಗೋಲೂ ಇಲ್ಲದೆ ಪೆನಾಲ್ಟಿಗೆ ನಿಂತಿದ್ದವು. ಇಟಲಿಯನ್ನು ಫೈನಲ್‌ವರೆಗೆ ಹೊತ್ತು ತಂದಿದ್ದ ಬಾಜಿಯೋ ಕೊನೆಯಲ್ಲಿ ಒದ್ದ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. ಅವನು ತಲೆತಗ್ಗಿಸಿ ನಿಂತ ಚಿತ್ರವನ್ನು ಇಂದಿಗೂ ತೋರಿಸುತ್ತಲೇ ಇದ್ದಾರೆ. ಫುಟಿಯಲ್ಲಿ ಅಡ್ಡಪಟ್ಟಿಯೇ ಇಲ್ಲ! ಕಂಬಗಳ ನಡುವೆ ಹೋದರಾಯಿತು, ಎಷ್ಟು ಎತ್ತರವಾದರೂ ಆಕಾಶ ತಡೆಯುವುದಿಲ್ಲ. ಅದೇ ಕಾಲು, ಅದೇ ಒದೆತ, ಮೆಲ್ಬರ್ನಿನಲ್ಲಾಗಿದ್ದರೆ ಎರಡು ಬೆರಳು, ಎರಡು ಬಾವುಟ, ಆರು ಪಾಯಿಂಟು. ಆ ಮನುಷ್ಯ ತಪ್ಪು ಮಾಡಲಿಲ್ಲ, ತಪ್ಪು ದೇಶದಲ್ಲಿ ಒದ್ದ.

ಭಾವಮೈದ ಸ್ವಲ್ಪ ಸುಮ್ಮನಾದ. ಆಮೇಲೆ 1948ರ ಲಂಡನ್ ಒಲಿಂಪಿಕ್ಸ್ ತೆಗೆದ. ಭಾರತ ಮತ್ತು ಫ್ರಾನ್ಸ್ ಪಂದ್ಯ. ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಆದರೆ ನಾವು ಎರಡು ಪೆನಾಲ್ಟಿ ಕೈಚೆಲ್ಲಿ 2–1ರಿಂದ ಸೋತೆವು. "ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ, ಅದೇ ಸಾಕರ್" ಎಂದ, ಅದಾದ ನಲವತ್ತು ವರ್ಷಕ್ಕೆ ಹುಟ್ಟಿದವನು. ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಫುಟಿ ಲೆಕ್ಕ ಹಾಕಿದೆ. ಆ ಎರಡು ಪೆನಾಲ್ಟಿಯನ್ನೂ ಬಿಹೈಂಡ್ ಎಂದು ಹಿಡಿದರೆ ಭಾರತ ಒಂದು ಗೋಲು, ಎರಡು ಬಿಹೈಂಡ್, ಒಟ್ಟು 8. ಫ್ರಾನ್ಸ್ ಎರಡು ಗೋಲು, 12. ಆಗಲೂ ಸೋಲೇ. ಹಾಳೆಯನ್ನು ಮಡಿಚಿಟ್ಟೆ.

ಬಿಹೈಂಡಿನ ಮಹಿಮೆಯನ್ನು ಅವನಿಗೆ ಮನಗಾಣಿಸಿದ್ದು ಅಜ್ಜಿ. ಸೇಂಟ್ ಕಿಲ್ಡಾದ ಚರಿತ್ರೆ ಎಂದರೆ ಬಿಹೈಂಡುಗಳ ಚರಿತ್ರೆ. 1899ರಲ್ಲಿ ಜೀಲಾಂಗ್ ತಂಡ 162 ಪಾಯಿಂಟು ಬಾರಿಸಿದ ಪಂದ್ಯದಲ್ಲಿ ಸೇಂಟ್ ಕಿಲ್ಡಾ ಗಳಿಸಿದ್ದು ಒಂದು. ಒಂದೇ ಒಂದು. ಅದೂ ಗುರಿ ತಪ್ಪಿದ್ದರಿಂದ ಬಂದದ್ದು. ಲೀಗಿನ ಇತಿಹಾಸದಲ್ಲೇ ಅದಕ್ಕಿಂತ ಕಡಿಮೆ ಯಾರೂ ಗಳಿಸಿಲ್ಲ. 1966ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು ಕೊನೆಯ ಗಳಿಗೆಯಲ್ಲಿ ಎರಡೂ ತಂಡ ಸಮಸಮ. ಬ್ಯಾರಿ ಬ್ರೀನ್ ಎಂಬ ಹುಡುಗ ಒದ್ದ ಚೆಂಡು ಹೇಗೆಹೇಗೋ ಪುಟಿದು ಗುರಿ ತಪ್ಪಿ ಬಿಹೈಂಡ್ ಆಯಿತು. 74–73. ತಂಡದ ಏಕೈಕ ಕಪ್ ಬಂದದ್ದು ಆ ತಪ್ಪಿದ ಹೊಡೆತದಿಂದ. ಅಜ್ಜಿ ಆಗ ಇನ್ನೂ ಹುಡುಗಿ. ಅವತ್ತು ಅತ್ತದ್ದನ್ನು ಹೇಳುತ್ತ ಮತ್ತೆ ಅತ್ತರು. ಇನ್ನು 2010ರ ಫೈನಲ್, ಎದುರಾಳಿ ಮತ್ತೆ ಕಾಲಿಂಗ್‌ವುಡ್. ಸೇಂಟ್ ಕಿಲ್ಡಾ ಹತ್ತು ಗೋಲು ಹೊಡೆಯಿತು, ಕಾಲಿಂಗ್‌ವುಡ್ ಒಂಬತ್ತು. ಸಾಕರ್ ಆಗಿದ್ದರೆ ಕಪ್ ನಮ್ಮದೇ. ಆದರೆ ಕಾಲಿಂಗ್‌ವುಡ್ ಹದಿನಾಲ್ಕು ಸಲ ಗುರಿ ತಪ್ಪಿತ್ತು, ನಾವು ಬರೀ ಎಂಟು ಸಲ, 68–68. ಹೆಚ್ಚು ತಪ್ಪಿದ ಪುಣ್ಯದಿಂದ ಅವರು ಬಚಾವಾದರು. ಮುಂದಿನ ಶನಿವಾರ ಪಂದ್ಯವನ್ನು ಮತ್ತೆ ಮೊದಲಿನಿಂದ ಆಡಿಸಿದರು, ನಾವು 56 ಪಾಯಿಂಟಿನಿಂದ ಸೋತೆವು. "ನಾವು" ಎಂದು ಬರೆದುಬಿಟ್ಟೆ, ನೋಡಿ. ಮಫ್ಲರಿನ ಕೆಲಸ ಅದು.

ಬೀಳುವ ವಿಚಾರದಲ್ಲಂತೂ ಎರಡು ಆಟಕ್ಕೂ ಹೊಂದಾಣಿಕೆಯೇ ಇಲ್ಲ. 1989ರ ಗ್ರ್ಯಾಂಡ್ ಫೈನಲ್ ಶುರುವಾದ ಕ್ಷಣದಲ್ಲೇ ಹಾಥಾರ್ನ್ ತಂಡದ ಡರ್ಮಟ್ ಬ್ರೆರೆಟನ್‌ಗೆ ಜೀಲಾಂಗಿನವನೊಬ್ಬ ಡಿಕ್ಕಿ ಹೊಡೆದ. ಪಕ್ಕೆಲುಬು ಮುರಿಯಿತು. ಬ್ರೆರೆಟನ್ ಮೈದಾನದಲ್ಲೇ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತಿನಲ್ಲೇ ಗೋಲು ಹೊಡೆದ. ಅದೇ ತಂಡದ ರಾಬರ್ಟ್ ಡಿಪಿಯರ್‌ಡೊಮೆನಿಕೊ ಶ್ವಾಸಕೋಶಕ್ಕೆ ತೂತು ಬಿದ್ದರೂ ಕೊನೆಯವರೆಗೆ ಆಡಿ, ಕಪ್ ಗೆದ್ದು, ಆಮೇಲೆ ಆಸ್ಪತ್ರೆಗೆ ಹೋದ. ಗೆದ್ದದ್ದು ಆರು ಪಾಯಿಂಟಿನಿಂದ. ಇಂಥದ್ದನ್ನು ಕೇಳಿ ಬೆಳೆದ ದೇಶ 2006ರ ಜೂನ್‌ನಲ್ಲಿ ನಡುರಾತ್ರಿ ಎದ್ದು ಕೂತು ವಿಶ್ವಕಪ್ ಸಾಕರ್ ನೋಡಿತು. ಎದುರಾಳಿ ಇಟಲಿ. ಹತ್ತೇ ಆಟಗಾರರು ಉಳಿದಿದ್ದ ಇಟಲಿಯನ್ನು ಗೆಲ್ಲುವ ಆಸೆ ಚಿಗುರಿದ್ದಾಗ, ಆಟ ಮುಗಿಯಲು ಸೆಕೆಂಡುಗಳಿದ್ದಾಗ, ಫಾಬಿಯೋ ಗ್ರೊಸ್ಸೊ ನೆಲಕ್ಕೆ ಬಿದ್ದಿದ್ದ ಲೂಕಸ್ ನೀಲ್‌ನನ್ನು ದಾಟಲು ಹೋಗಿ ತಾನೂ ಬಿದ್ದ. ಪೆನಾಲ್ಟಿ. ಟೊಟ್ಟಿ ಒದ್ದ, 1–0, ಎಲ್ಲರೂ ಮಲಗಲು ಹೋದರು. ಬಿದ್ದನೋ ಬೀಳಿಸಿದನೋ ಎಂಬ ವಿಚಾರಣೆ ಈ ಊರಿನ ಕಾಫಿ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಅಜ್ಜಿಯ ತೀರ್ಪು ಮಾತ್ರ ಅವತ್ತೇ ಆಗಿತ್ತು: "ಅವನ ಶ್ವಾಸಕೋಶ ಸರಿಯಾಗೇ ಇತ್ತಲ್ಲ?"

ಇಷ್ಟೆಲ್ಲ ಹೇಳಿದರೂ ಭಾವಮೈದನ ಒಂದು ಮಾತಿಗೆ ನನ್ನಲ್ಲೂ ಅಜ್ಜಿಯಲ್ಲೂ ಉತ್ತರವಿರಲಿಲ್ಲ. "ಈ ಆಟದಲ್ಲಿ ಆಸ್ಟ್ರೇಲಿಯಾ ಯಾರನ್ನು ಸೋಲಿಸುತ್ತೆ?" ಎಂದು ಕೇಳಿದ. ಯಾರನ್ನೂ ಇಲ್ಲ. ಐರ್ಲೆಂಡಿನ ಜೊತೆ ಎರಡು ದೇಶದ ಆಟವನ್ನೂ ಬೆರಸಿ, ದುಂಡು ಚೆಂಡಿನಲ್ಲಿ ಕೆಲವು ಸರಣಿ ಆಡಿದ್ದುಂಟು, ಅದು ಎರಡೂ ಅಲ್ಲದ ಆಟ. ಸಿಡ್ನಿ, ಬ್ರಿಸ್ಬೇನ್ ಕಡೆಗೆ ಹೋದರೆ ಅಲ್ಲಿ ರಗ್ಬಿಯದೇ ರಾಜ್ಯ. ದೇಶದ ಹೆಸರು ಹೇಳಿಕೊಂಡು ಎದೆ ಬಡಿದುಕೊಳ್ಳಲು ಫುಟಿಯಲ್ಲಿ ಅವಕಾಶವೇ ಇಲ್ಲ. ಸಾಕರ್‌ನಲ್ಲಿ ಅದು ಬೇಕಾದಷ್ಟಿದೆ. ಎರಡನೆಯ ಮಹಾಯುದ್ಧದ ನಂತರ ಬಂದ ಗ್ರೀಕರು, ಇಟಾಲಿಯನ್ನರು, ಕ್ರೊಯೇಷಿಯನ್ನರು ಇಲ್ಲಿ ಕ್ಲಬ್ಬು ಕಟ್ಟಿ ಆಡುತ್ತಿದ್ದಾಗ ಅದು ಪರದೇಶಿಗಳ ಆಟವೆಂದು ಮೂಗು ಮುರಿದ ದೇಶವೇ ಇದು. ಅದೇ ದೇಶ 1974ರ ನಂತರ ಮತ್ತೆ ವಿಶ್ವಕಪ್ಪಿಗೆ ಹೋಗಲು 2005ರ ನವೆಂಬರ್ ತನಕ ಕಾದು, ಜಾನ್ ಅಲೋಯ್ಸಿಯ ಒಂದು ಪೆನಾಲ್ಟಿಗೆ ಹುಚ್ಚೆದ್ದು ಕುಣಿಯಿತು. ನಡುವೆ 2001ರಲ್ಲಿ ಅಮೆರಿಕನ್ ಸಮೋವಾವನ್ನು 31–0ರಿಂದ ಸೋಲಿಸಿದ್ದೂ ಉಂಟು, ಆರ್ಚಿ ಥಾಂಪ್ಸನ್ ಒಬ್ಬನೇ ಹದಿಮೂರು ಗೋಲು. ಸಾಕರ್ ಚೆಂಡಿನಲ್ಲಿ ಫುಟಿ ಆಡಿದ ಹಾಗಿತ್ತು ಅದು. ಅದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಅಲೋಯ್ಸಿಯ ಒಂದನ್ನು ಯಾರೂ ಮರೆತಿಲ್ಲ. ಉಪವಾಸ ಕೆಡವಿ ಕೊಟ್ಟದ್ದಕ್ಕೆ ಇರುವ ರುಚಿ ಸಾಕರ್‌ನದು, ಒಪ್ಪಲೇಬೇಕು.

2023ರ ಆಗಸ್ಟ್ 12ರಂದು ಅಜ್ಜಿಯೂ ಒಪ್ಪಿದರು. ಮಹಿಳಾ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಬ್ರಿಸ್ಬೇನಿನಲ್ಲಿ ಫ್ರಾನ್ಸ್ ಎದುರು ಆಸ್ಟ್ರೇಲಿಯಾ. ಗೋಲಿಲ್ಲದ ಎರಡು ಗಂಟೆಯ ಮೇಲೆ ಇಪ್ಪತ್ತು ಪೆನಾಲ್ಟಿ. ಆ ಸಂಜೆ ಎಂ.ಸಿ.ಜಿ.ಯಲ್ಲಿ ಫುಟಿ ನೋಡಲು ಬಂದಿದ್ದವರೇ ಮೈದಾನಕ್ಕೆ ಬೆನ್ನು ಹಾಕಿ ಟಿವಿಗಳ ಮುಂದೆ ಗುಂಪುಗೂಡಿದ್ದರು. ಕೋರ್ಟ್‌ನಿ ವೈನ್ ಕೊನೆಯದನ್ನು ಒಳಗೆ ಕಳಿಸಿ 7–6 ಆದಾಗ ನಮ್ಮ ಸೋಫಾದಲ್ಲಿ ಅಜ್ಜಿ, ಫೋನಿನಲ್ಲಿ ಬೆಂಗಳೂರಿನ ಭಾವಮೈದ, ಇಬ್ಬರೂ ಒಟ್ಟಿಗೇ ಕಿರುಚಿದರು. ಉಸಿರು ತಿರುಗಿದ ಮೇಲೆ ಅಜ್ಜಿ ಕೇಳಿದ್ದು, "ತಪ್ಪಿದವರಿಗೆ ಒಂದೊಂದು ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?"

ಇಷ್ಟು ಕೇಳಿದ ಮೇಲೆ ಯಾವುದು ಮೇಲು ಎಂದು ನನ್ನನ್ನು ಕೇಳಿದರೆ, ಟಿವಿಗೆ ಸಾಕರ್, ಮೈದಾನಕ್ಕೆ ಫುಟಿ ಎನ್ನುತ್ತೇನೆ. ಸಾಕರ್ ಚೆಂಡಿನ ಹಿಂದೆ ಕ್ಯಾಮೆರಾ ಓಡಿದರೆ ಬಹುಪಾಲು ಆಟ ಕಂಡಂತೆ. ಫುಟಿಯಲ್ಲಿ ಚೆಂಡು ಒಂದು ಕಡೆ ಇದ್ದಾಗ ಅರ್ಧ ಕಥೆ ನೂರು ಮೀಟರ್ ಆಚೆ ಇಬ್ಬರು ಒಬ್ಬರ ಅಂಗಿ ಒಬ್ಬರು ಹಿಡಿದು ಎಳೆದಾಡುವುದರಲ್ಲಿ ನಡೆದಿರುತ್ತದೆ. ಅದು ಕಾಣಬೇಕಾದರೆ ಮೇಲಿನ ಅಟ್ಟಣೆಯಲ್ಲಿ ಕೂತಿರಬೇಕು. ಅಲ್ಲಿ ಎರಡೂ ತಂಡದವರು ಬೆರೆತೇ ಕೂರುತ್ತಾರೆ, ಸಾಕರ್‌ನಲ್ಲಿ ಹಲವು ಕಡೆ ಮಾಡುವಂತೆ ನಡುವೆ ಪೊಲೀಸರನ್ನು ನಿಲ್ಲಿಸಿ ಬೇರ್ಪಡಿಸುವುದಿಲ್ಲ. ಮುಂದಿನ ಸಾಲಿನ ಮುದುಕ ಅಂಪೈರ್‌ನ ವಂಶವನ್ನೆಲ್ಲ ಜಾಲಾಡಿ, ತಿರುಗಿ ನಿಮಗೆ ಚಿಪ್ಸ್ ಕೊಡುತ್ತಾನೆ. ಸೆಪ್ಟೆಂಬರ್ ಕೊನೆಗೆ ಬಂದರೆ ಗ್ರ್ಯಾಂಡ್ ಫೈನಲ್ ಸಿಗಬಹುದು. ಆಟದ ಹಿಂದಿನ ದಿನ ಇಡೀ ರಾಜ್ಯಕ್ಕೆ ಸರ್ಕಾರಿ ರಜೆ, 2015ರಿಂದ. ಟಿಕೆಟ್ ಮಾತ್ರ ಸಿಗುವುದಿಲ್ಲ. ಅದಕ್ಕೇ ಜುಲೈನಲ್ಲಿ ಬನ್ನಿ. ದಪ್ಪನೆಯ ಸ್ವೆಟರ್ ತನ್ನಿ, ಪೈ ಬಿಸಿಯಿರುತ್ತದೆ, ನಾಲಿಗೆ ಜೋಪಾನ. ಕಾಲಿಂಗ್‌ವುಡ್ ಪರ ಮಾತ್ರ ಕೂಗಬೇಡಿ, ನಾನು ಅಜ್ಜಿಗೆ ಮುಖ ತೋರಿಸಬೇಕು.